ಬೇಬಿ ಕಾರಿನ ದೇಹಪ್ರಕೃತಿ

ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ನಾಲ್ಕು ಮರಿ. ಯುದ್ಧ ಶುರುವಾಗಿ ಪೆಟ್ರೋಲಿಗೆ ಚೀಟಿ ಬಂದ ಮೇಲೆ ನಾನು ಕಾರನ್ನು ಕೊಟ್ಟಿಗೆಗೆ ತಳ್ಳಿ, ಚಕ್ರ ಬಿಚ್ಚಿ, ಇಟ್ಟಿಗೆಯ ಮೇಲೆ ಕೂರಿಸಿದ್ದೇನೆ. ಕೋರ್ಟಿಗೆ ನಡೆದೇ ಹೋಗುತ್ತೇನೆ. ದಾರಿಯಲ್ಲಿ ಸಿಕ್ಕವರು, “ಪಾಪ, ಕಾರಿದ್ದೂ ನಡೀಬೇಕಾಯ್ತಲ್ಲ ವಕೀಲರೇ” ಎಂದು ಮರುಗುತ್ತಾರೆ. ನಾನೂ ಮುಖ ಸಣ್ಣದು ಮಾಡಿಕೊಂಡು, “ಏನು ಮಾಡೋದು, ಕಾಲ” ಎನ್ನುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕಾರು ಓಡುತ್ತಿದ್ದ ಕಾಲದಲ್ಲೂ ನಾನು ಬಹಳ ಸಲ ನಡೆದೇ ಹೋಗಿದ್ದೇನೆ. ಆಗ ಅದನ್ನು ತಳ್ಳಿಕೊಂಡು ಹೋಗಬೇಕಿತ್ತು, ಈಗ ಕೈ ಬೀಸಿಕೊಂಡು ಹೋಗುತ್ತೇನೆ. ಸುಖವಾಗಿದ್ದೇನೆ.

ಆ ಕಾರು ನನಗೆ ಬಂದದ್ದು ಭದ್ರಾವತಿಯಲ್ಲಿದ್ದ ಒಬ್ಬ ಬಿಳಿಯ ಎಂಜಿನಿಯರಿಂದ. ತನ್ನ ಸೀಮೆಗೆ ವಾಪಸು ಹೊರಟಿದ್ದ ಅವನು ಮನೆಯ ಸಾಮಾನನ್ನೆಲ್ಲ ಮಾರುತ್ತಿದ್ದ. ನಾನು ಬರೆಯುವ ಮೇಜು ಕೊಳ್ಳಲು ಹೋದವನು ಕಾರು ಕೊಂಡು ಬಂದೆ. ಪುಟ್ಟ ಕಾರು. ಮೇಲೆ ಗಟ್ಟಿ ಚಾವಣಿ, ಎರಡು ಬಾಗಿಲು. ನಾಲ್ಕು ಜನಕ್ಕೆ ಸ್ಥಳವಿದೆ ಎಂದು ಅದರ ಪುಸ್ತಕ ಹೇಳುತ್ತಿತ್ತು. ಆ ನಾಲ್ಕು ಜನ ಯಾವ ಊರಿನವರೋ, ನಮ್ಮ ಶಿವಮೊಗ್ಗದ ಕಡೆಯವರಂತೂ ಅಲ್ಲ. ಜನ ಅದನ್ನು ಬೇಬಿ ಕಾರು ಎನ್ನುತ್ತಿದ್ದರು. ಬೀಗದ ಕೈ ಕೊಡುವಾಗ ಎಂಜಿನಿಯರು ನನ್ನ ಕೈ ಹಿಡಿದು ಬಹಳ ಹೊತ್ತು ಕುಲುಕಿದ. ಅಗಲಿಕೆಯ ದುಃಖ ಎಂದುಕೊಂಡೆ. ಅದು ಬಿಡುಗಡೆಯ ಸಂತೋಷ ಎಂದು ಗೊತ್ತಾಗಲು ನನಗೆ ಹದಿನೈದು ದಿನ ಬೇಕಾಯಿತು.

ಕಾರಿನ ಜೊತೆಗೆ ಬಂದ ಆ ಪುಸ್ತಕ ಓದಿದಾಗ ನನಗೆ ಆಶ್ಚರ್ಯವಾಯಿತು. ನಮ್ಮ ಹಿರಿಯರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರಲ್ಲ, ಹಾಗೆಯೇ ಇವರೂ ಮಾಡಿದ್ದರು. ದಿನಾ ಬೆಳಿಗ್ಗೆ ರೇಡಿಯೇಟರಿಗೆ ನೀರು ತುಂಬುವುದು, ಕಡ್ಡಿ ಅದ್ದಿ ಎಣ್ಣೆಯ ಮಟ್ಟ ನೋಡುವುದು, ಗಾಲಿಗಳ ಗಾಳಿ ಪರೀಕ್ಷಿಸುವುದು ನಿತ್ಯಕರ್ಮ. ಐನೂರು ಮೈಲಿಗೊಮ್ಮೆ ಕೀಲುಕೀಲಿಗೆ ಗ್ರೀಸು ಹೊಡೆಯುವುದು, ಪ್ಲಗ್ಗುಗಳನ್ನು ಬಿಚ್ಚಿ ಉಜ್ಜುವುದು, ವರ್ಷಕ್ಕೊಮ್ಮೆ ಎಂಜಿನ್ನಿನ ತಲೆ ತೆಗೆದು ಒಳಗಿನ ಮಸಿ ಹೆರೆಯುವುದು ನೈಮಿತ್ತಿಕ. ಇಷ್ಟೆಲ್ಲ ಮಾಡಿದ ಮೇಲೆ ಅದು ಹೊರಡಲಿ ಎಂದು ಬಯಸುವುದು ಕಾಮ್ಯಕರ್ಮ. ಕಾಮ್ಯದ ಫಲ ಮನುಷ್ಯನ ಕೈಯಲ್ಲಿಲ್ಲ ಎಂಬ ಮಾತು ನನಗೆ ಪೂರ್ತಿ ಅರ್ಥವಾದದ್ದು ಕಾರಿನ ಮುಂದೆ ಬಗ್ಗಿ ಹ್ಯಾಂಡಲ್ ತಿರುವುವಾಗ. ಬೆಳಗಿನ ಲಿಂಗಪೂಜೆ ಮುಗಿಸಿ ಅರ್ಧ ಗಂಟೆಯಲ್ಲಿ ಏಳುತ್ತಿದ್ದ ನಾನು ಕಾರಿನ ಪೂಜೆಗೆ ಒಂದು ಗಂಟೆ ಕೊಡುತ್ತಿದ್ದೆ. ಶಿವ ಇದನ್ನು ಗಮನಿಸದೆ ಇದ್ದಿರಲಾರ.

ಶಿವ ಎಂದಾಗ ನೆನಪಾಯಿತು. ನಮ್ಮ ದೇವರುಗಳು ವಾಹನ ಆರಿಸುವುದರಲ್ಲಿ ಎಂಥ ಬುದ್ಧಿವಂತರು ನೋಡಿ. ಒಬ್ಬನಿಗೆ ಎತ್ತು, ಒಬ್ಬನಿಗೆ ಇಲಿ, ಒಬ್ಬನಿಗೆ ನವಿಲು, ಶನಿಮಹಾತ್ಮನಿಗೆ ಕಾಗೆ. ಎಲ್ಲವೂ ತಮ್ಮ ಮೇವು ತಾವೇ ಹುಡುಕಿಕೊಳ್ಳುವಂಥವು, ತಮ್ಮ ಮೈ ತಾವೇ ನೆಕ್ಕಿಯೋ ಕುಕ್ಕಿಯೋ ಶುದ್ಧ ಮಾಡಿಕೊಳ್ಳುವಂಥವು. ಗಾಯವಾದರೆ ನಾಲ್ಕು ದಿನ ಮಲಗಿ ತಾವೇ ಏಳುತ್ತವೆ. ಇಲಿಯ ಹೊಟ್ಟೆಯ ಕೆಳಗೆ ಮಲಗಿ ಗಣಪತಿ ಸ್ಪ್ಯಾನರ್ ತಿರುಗಿಸುತ್ತಿರುವ ಚಿತ್ರವನ್ನು ಯಾವ ಗುಡಿಯಲ್ಲೂ ನೀವು ಕಂಡಿರಲಾರಿರಿ.

ಹೊಸದರಲ್ಲಿ ನಾನು ಕಾರನ್ನು ಯಂತ್ರವೆಂದು ತಿಳಿದಿದ್ದೆ. ಅದೇ ತಪ್ಪಾದದ್ದು. ಅದಕ್ಕೂ ನಮ್ಮಂತೆ ವಾತ, ಪಿತ್ತ, ಕಫಗಳಿವೆ ಎಂದು ತಿಳಿದ ಮೇಲೆ ಎಲ್ಲ ಸಲೀಸಾಯಿತು. ಗಾಲಿಯಿಂದ ಗಾಳಿ ಹೋಗುವುದು ವಾತ. ಇದು ಮೊಳೆಯಿಂದಲೂ ಬರುತ್ತದೆ, ಲಾಳದ ತುಂಡಿನಿಂದಲೂ ಬರುತ್ತದೆ, ನಮ್ಮ ದುರ್ಗಿಗುಡಿಯ ಬೀದಿಯಲ್ಲಿ ಸುಮ್ಮನೆ ನಿಂತರೂ ಬರುತ್ತದೆ. ಕಾರ್ಬೊರೇಟರಿನಲ್ಲಿ ಕಸ ಕೂತು ಕಾರು ಕೆಮ್ಮುವುದು ಕಫ. ಮಳೆಗಾಲದಲ್ಲಿ ಹೆಚ್ಚು. ರೇಡಿಯೇಟರಿನ ನೀರು ಕುದಿದು ಮುಚ್ಚಳದಿಂದ ಹಬೆ ಏಳುವುದು ಪಿತ್ತ. ನನ್ನ ಕಾರಿನದು ಪಿತ್ತಪ್ರಕೃತಿ. ಏರು ಕಂಡರೆ ಅದಕ್ಕೆ ಸಿಟ್ಟು ಬರುತ್ತಿತ್ತು. ಬ್ರೇಕಿನ ಒಂದು ವಿಷಯದಲ್ಲಿ ಮಾತ್ರ ಆಯುರ್ವೇದ ಸಾಕಾಗುವುದಿಲ್ಲ. ಅದಕ್ಕೆ ಜ್ಯೋತಿಷ್ಯವೇ ಬೇಕು.

ಈ ಜ್ಞಾನವನ್ನು ನಾನು ಒಬ್ಬನೇ ಇಟ್ಟುಕೊಳ್ಳಲಿಲ್ಲ. ಕಲಿತದ್ದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ವಕೀಲನಿಗೆ ಊಟ ಸೇರುವುದಿಲ್ಲ. ನನ್ನ ಹೆಂಡತಿ ಮೊದಲ ತಿಂಗಳೇ ಕಿವಿ ಮುಚ್ಚಿಕೊಂಡಳು. ಉಳಿದವಳು ನನ್ನ ಒಡಹುಟ್ಟಿದ ಅಕ್ಕ, ನೀಲಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡನನ್ನು ಬೇಗ ಕಳೆದುಕೊಂಡು, ಒಬ್ಬಳೇ ಮಗಳು ಗೌರಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದವಳು, ಮನೆಯನ್ನೇ ನಡೆಸಿದವಳು. ಬೆಳಿಗ್ಗೆ ನಾನು ಕಾರಿಗೆ ನೀರು ಹಾಕುವಾಗ ಜಗುಲಿಯ ಮೇಲೆ ನಿಂತು ನೋಡುತ್ತಿದ್ದಳು. ಒಂದು ದಿನ ರೇಡಿಯೇಟರಿನ ಮುಚ್ಚಳ ತೆಗೆದು, “ನೋಡಕ್ಕ, ಇದೇ ಇದರ ಬಾಯಿ. ಇದಕ್ಕೆ ಹೊತ್ತುಹೊತ್ತಿಗೆ ಬಿದ್ದರೆ ಸಾಕು, ಮೋಸ ಮಾಡೋದಿಲ್ಲ” ಎಂದು ಉಪದೇಶ ಮಾಡಿದೆ. ಅವಳು ತಲೆಯಾಡಿಸಿದಳು. ಕೇಳುವವರು ತಲೆಯಾಡಿಸಿದಾಗ ಉಪದೇಶ ಮಾಡುವವರು ಸ್ವಲ್ಪ ಹೆದರಬೇಕು. ನಾನು ಹೆದರಲಿಲ್ಲ.

ಈಗ ನೀಲಕ್ಕನ ಸಂಕಟ ಹೇಳಬೇಕು. ಗೌರಿಯನ್ನು ಭದ್ರಾವತಿಯ ಓಲ್ಡ್ ಟೌನಿನ ರುದ್ರಪ್ಪ ಎಂಬ ಹುಡುಗನಿಗೆ ಕೊಟ್ಟಿದ್ದೆವು. ಒಳ್ಳೆಯ ಮನೆತನ, ನಮ್ಮವರೇ. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದೊಡ್ಡ ಕೆಲಸ ಎಂದು ಮಧ್ಯಸ್ಥರು ಹೇಳಿದ್ದರು. ದೊಡ್ಡದೇನೋ ಹೌದು, ಆಳೆತ್ತರದ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಫಿಟ್ಟರ್ ಕೆಲಸ. ನೀಲಕ್ಕ ಕುರ್ಚಿ, ಮೇಜು, ಮಸಿಕುಡಿಕೆಗಳ ಕೆಲಸ ಅಂದುಕೊಂಡಿದ್ದಳು. ಮೂರು ತಲೆಮಾರು ಅಡಿಕೆ ಮಂಡಿಯಲ್ಲಿ ಬಿಳಿ ಗಾದಿಯ ಮೇಲೆ ಕೂತ ಮನೆಯವಳು. ಮೊದಲ ದೀಪಾವಳಿಗೆ ಅಳಿಯ ಬಂದ. ನೆಂಟರೆಲ್ಲ ಸಾಲಾಗಿ ಎಲೆಯ ಮುಂದೆ ಕೂತಿದ್ದಾಗ ನೀಲಕ್ಕ ಹೋಳಿಗೆ ಬಡಿಸುತ್ತ ಬಂದು ಅವನ ಉಗುರು ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪು. “ಊಟಕ್ಕೆ ಕೂರೋ ಮುಂಚೆ ಕೈ ತೊಳ್ಕೊಬಾರದಾ?” ಎಂದುಬಿಟ್ಟಳು. ಅವನು ಮೂರು ಸಲ ತೊಳೆದಿದ್ದ. ಕೈ ಮಡಚಿಕೊಂಡ. ಅಡುಗೆಮನೆಯಿಂದ ಗೌರಿ ಬಂದು, “ಏಳಿ, ನಮ್ಮನೆಗೆ ಹೋಗೋಣ” ಎಂದಳು. ಹಬ್ಬದ ದಿನ ಎಲೆ ಬಿಟ್ಟು ಎದ್ದು ಹೋದರು.

ಮೂರು ವರ್ಷ ತಾಯಿ ಮಗಳ ನಡುವೆ ಮಾತಿಲ್ಲ, ಕಾಗದವಿಲ್ಲ. ಚೊಚ್ಚಲ ಹೆರಿಗೆಗೂ ಗೌರಿ ತವರಿಗೆ ಬರಲಿಲ್ಲ. ಆ ತಿಂಗಳೆಲ್ಲ ನೀಲಕ್ಕ ಸರಿಯಾಗಿ ಉಣ್ಣಲಿಲ್ಲ. ಗಂಡು ಮಗು ಆಯಿತೆಂದು ತಿಳಿದ ದಿನ ದೇವರ ಮನೆಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದೆ. ಆಮೇಲೆ ನನ್ನ ಹೆಸರಿಗೆ ಗೌರಿಯ ಒಂದು ಕಾರ್ಡು ಬಂತು: ವಿಜಯದಶಮಿಯ ಮಾರನೆಯ ದಿನ ತೊಟ್ಟಿಲ ಶಾಸ್ತ್ರ, ಎಲ್ಲರೂ ಬರಬೇಕು. ಎಲ್ಲರೂ ಎಂದರೆ ಯಾರು ಎಂದು ನಮ್ಮ ಮನೆಯಲ್ಲಿ ಎರಡು ದಿನ ವಾದ ನಡೆಯಿತು. “ನನಗೆ ಬರೆದಿಲ್ಲ, ನಾನ್ಯಾಕೆ ಹೋಗಲಿ?” ಎಂದಳು ನೀಲಕ್ಕ. ಆದರೆ ಮೊದಲ ಮಗುವಿಗೆ ತೊಟ್ಟಿಲು ಹೋಗಬೇಕಾದದ್ದು ತವರಿನಿಂದ, ತರಬೇಕಾದವಳು ಅಜ್ಜಿ. ಮೂರನೆಯ ದಿನ ನೋಡಿದರೆ ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲು ಕೆಳಗೆ ಬಂದು, ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತಿತ್ತು.

ರೈಲು ಬೇಡವೆಂದಳು. “ಸ್ಟೇಷನ್ನಲ್ಲಿ ಅರ್ಧ ಊರು ಇರುತ್ತೆ. ಎಲ್ಲಿಗೆ ನೀಲಮ್ಮನೋರೇ, ಮಗಳ ಮನೆಗಾ ಅಂತಾರೆ. ಅಲ್ಲಿ ಅವಳು ಬಾಗಿಲಿಂದಾಚೆ ಕಳಿಸಿಬಿಟ್ರೆ ವಾಪಸು ಅದೇ ಸ್ಟೇಷನ್ನಲ್ಲಿ ಇಳೀಬೇಕು. ನಿನ್ನ ಕಾರಲ್ಲಾದ್ರೆ ಯಾರೂ ನೋಡಲ್ಲ.” ನನ್ನ ಕಾರಿನಲ್ಲಿ ಯಾರೂ ನೋಡದ ಹಾಗೆ ಪ್ರಯಾಣ ಮಾಡಿದವರನ್ನು ನಾನು ಕಂಡಿಲ್ಲ. ಆದರೂ ಒಪ್ಪಿದೆ. ಹೆಂಡತಿ ಅನುಭವಸ್ಥೆ, ಮಕ್ಕಳನ್ನು ಕಟ್ಟಿಕೊಂಡು ಹಿಂದಿನ ದಿನವೇ ರೈಲಿನಲ್ಲಿ ಹೋದಳು.

ಅದಕ್ಕೂ ಮುಂಚೆ ಆಯುಧಪೂಜೆ ಬಂತಲ್ಲ. ಅವತ್ತು ಕಾರು ತೊಳೆದು, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆವು. ನಾನು ಕುಂಬಳಕಾಯಿ ಒಡೆದು ಒಳಗೆ ಹೋದೆ. ನೀಲಕ್ಕ ಪಂಚಾಮೃತದ ಬಟ್ಟಲು ಹಿಡಿದು ಕಾರಿನ ಹತ್ತಿರ ಸ್ವಲ್ಪ ಹೊತ್ತು ಹೆಚ್ಚಿಗೆ ನಿಂತಿದ್ದಳು. ಭಕ್ತಿ ಎಂದುಕೊಂಡೆ. ಭಕ್ತಿಯೇ ಹೌದು.

ಹೊರಡುವ ದಿನ ತೊಟ್ಟಿಲನ್ನು ಕಾರಿನ ಹಿಂಭಾಗಕ್ಕೆ ಹಗ್ಗದಿಂದ ಬಿಗಿದೆವು. ಪೂಜೆಯಾದ ಕಾರಿನ ಮುಚ್ಚಳ ಬಿಚ್ಚಬಾರದೆಂದು ನಾನು ಹಬ್ಬದಿಂದೀಚೆಗೆ ಅದರ ನಿತ್ಯಕರ್ಮ ಬಿಟ್ಟಿದ್ದೆ. ಮಗುವನ್ನು ತೊಟ್ಟಿಲಿಗೆ ಹಾಕುವುದು ಹನ್ನೆರಡಕ್ಕೆ. ಎಂಟಕ್ಕೇ ಬಿಟ್ಟರೆ ಹನ್ನೆರಡು ಮೈಲಿ ದಾರಿಗೆ ಧಾರಾಳ. ತುಂಗೆಯ ಸೇತುವೆ ದಾಟಿದೆವು. ಮಲವಗೊಪ್ಪದ ಹತ್ತಿರ ನನಗೆ ಏನೋ ಸಿಹಿ ವಾಸನೆ ಬಂತು. ಹಬ್ಬದ ಮಾರನೆಯ ದಿನ, ಯಾರದೋ ಮನೆಯಲ್ಲಿ ಹಲ್ವ ಕಾಯಿಸುತ್ತಿದ್ದಾರೆ ಎಂದುಕೊಂಡೆ. ಒಂದು ಮೈಲಿ ಹೋದರೂ ಹಲ್ವ ನಮ್ಮ ಜೊತೆಯೇ ಬಂತು. ಮಾಚೇನಹಳ್ಳಿ ಹತ್ತಿರವಾಗುವಾಗ ಹಲ್ವ ತಳ ಹಿಡಿದ ವಾಸನೆ. ಆಮೇಲೆ ಹಬೆ ಎದ್ದಿತು, ಒಂದು ಸಲ ಹೂಂಕರಿಸಿ ಕಾರು ನಿಂತಿತು.

ಪಿತ್ತದ ಚಿಕಿತ್ಸೆ ನನಗೆ ಗೊತ್ತಿತ್ತಲ್ಲ. ಆರಲು ಬಿಟ್ಟೆ, ನೀರು ಹಾಕಿದೆ. ಹಾಕಿದ ನೀರು ಒಳಗೆ ಇಳಿಯದೆ ನನ್ನ ಮುಖವನ್ನೇ ನೋಡುತ್ತ ನಿಂತಿತು. ಯಾರೂ ನೋಡಬಾರದೆಂದು ಕಾರಿನಲ್ಲಿ ಬಂದ ನೀಲಕ್ಕನ ಸುತ್ತ ಇಪ್ಪತ್ತು ಜನ ಸೇರಿದರು. ಒಬ್ಬ ಮುದುಕ ಮೂಗು ಏರಿಸಿ, “ಏನ್ ಸ್ವಾಮಿ, ಗಾಡಿಯಾಗೆ ಪಾಯ್ಸ ಮಾಡ್ತಾ ಇದೀರಾ?” ಎಂದ. ನೀಲಕ್ಕ ಸೆರಗು ಮುಂದಕ್ಕೆಳೆದುಕೊಂಡು ಕಾರಿನಲ್ಲೇ ಕೂತಿದ್ದಳು. ಗಂಟೆ ಒಂಬತ್ತೂವರೆ. ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೊರಟಿದ್ದ ಒಬ್ಬನನ್ನು ನಿಲ್ಲಿಸಿ, ಓಲ್ಡ್ ಟೌನಿನಲ್ಲಿ ಫಿಟ್ಟರ್ ರುದ್ರಪ್ಪನವರಿಗೆ ಸುದ್ದಿ ಮುಟ್ಟಿಸಪ್ಪಾ ಎಂದೆ. ಒಳಗಿನಿಂದ ನೀಲಕ್ಕ, “ಬೇಡ ಕಣೋ, ಬೇರೆ ಯಾರಿಗಾದ್ರೂ ಹೇಳು” ಎಂದಳು. ಬೇರೆ ಯಾರಿದ್ದಾರೆ ಮಾರಾಯ್ತಿ ಎನ್ನಬೇಕೆಂದಿದ್ದೆ. ಅವಳ ಮುಖ ನೋಡಿ, ಸೈಕಲ್ಲಿನವನಿಗೆ ಹೊರಡು ಎಂದು ಕೈಸನ್ನೆ ಮಾಡಿದೆ. ಅವಳಿಗೆ ಹೆದರಿಕೆಯಾಗಿತ್ತು.

ಮುಕ್ಕಾಲು ಗಂಟೆಯಲ್ಲಿ ರುದ್ರಪ್ಪ ಸೈಕಲ್ಲು ತುಳಿದುಕೊಂಡು ಬಂದ. ಮಗನ ಶಾಸ್ತ್ರಕ್ಕೆಂದು ಉಟ್ಟ ಜರಿಯಂಚಿನ ಪಂಚೆ, ಹೊಸ ಅಂಗಿ. ಹ್ಯಾಂಡಲಿಗೆ ಸ್ಪ್ಯಾನರಿನ ಚೀಲ. ಅತ್ತೆಗೆ ದೂರದಿಂದಲೇ ಕೈ ಮುಗಿದ. ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೂತು, ರೇಡಿಯೇಟರಿನ ಕೆಳಗಿನ ರಬ್ಬರ್ ಕೊಳವೆ ಬಿಚ್ಚಿದ. ಕಂದುಬಣ್ಣದ ಮುದ್ದೆಯೊಂದು ಜಾರಿ ಅವನ ಅಂಗೈಗೆ ಬಿತ್ತು. ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ.

“ಮಾವ, ಇದು ಬಾಳೆಹಣ್ಣು” ಎಂದ.

ನಾನು ಪುಸ್ತಕದ ಎಲ್ಲ ಅಧ್ಯಾಯಗಳನ್ನೂ ಮನಸ್ಸಿನಲ್ಲಿ ತಿರುವಿದೆ. ಬಾಳೆಹಣ್ಣಿನ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಆಗ ಕಾರಿನ ಬಾಗಿಲು ತೆರೆಯಿತು. ನೀಲಕ್ಕ ಇಳಿದು ಬಂದು ನಿಂತಳು.

“ನಾನೇ ಹಾಕಿದ್ದು” ಎಂದಳು. “ಆಯುಧಪೂಜೆ ದಿನ. ಪಂಚಾಮೃತ. ಮನೆ ತುಪ್ಪ, ಕೊಡಗಿನ ಜೇನು. ಅದೇ ಇದರ ಬಾಯಿ ಅಂತ ಈ ನನ್ನ ತಮ್ಮ ಚೆನ್ನಪ್ಪನೇ ತೋರಿಸಿದ್ದ. ಈ ಹಾಳಾದ್ದು ದಿನಾ ನಿಲ್ಲುತ್ತೆ, ಇನ್ಯಾವತ್ತು ಬೇಕಾದ್ರೂ ನಿಲ್ಲಲಿ, ಗೌರಿ ಮನೆಗೆ ಹೋಗೋ ದಿನ ಒಂದು ನಿಲ್ಲದೇ ಇರಲಪ್ಪಾ ಶಿವನೇ ಅಂತ ಬೇಡ್ಕೊಂಡು ಹಾಕಿದೆ.”

ನನಗೆ ತಡೆಯಲಾರದಷ್ಟು ನಗು ಬಂತು. ನಕ್ಕೂ ಬಿಟ್ಟೆ, ನಾಚಿಕೆಗೇಡು. ರುದ್ರಪ್ಪ ನಗಲಿಲ್ಲ. “ಮಾವ, ನೀವು ಸ್ವಲ್ಪ ಆ ಮರದ ನೆರಳಲ್ಲಿ ಕೂತಿರಿ” ಎಂದು ನನ್ನನ್ನು ಸಭ್ಯವಾಗಿ ಆಚೆಗೆ ಕಳಿಸಿದ. ಸೇರಿದ್ದ ಜನಕ್ಕೆ, “ಕಾರು ಹಳೇದು, ಒಳಗೆ ತುಕ್ಕು ಹಿಡಿದಿದೆ, ಅಷ್ಟೇ. ನಡೀರಿ ನಡೀರಿ” ಎಂದ. ಆಮೇಲೆ ಅತ್ತೆಯ ಕಡೆ ತಿರುಗಿ, ದೊಡ್ಡ ಯಂತ್ರದ ರಿಪೇರಿ ಮಾತಾಡುವ ಗಾಂಭೀರ್ಯದಲ್ಲಿ ಹೇಳಿದ: “ಹಣ್ಣು ತೆಗೀಬಹುದು ಅತ್ತೆಯೋರೇ. ತುಪ್ಪದ್ದೇ ಕಷ್ಟ. ಸಣ್ಣ ಸಣ್ಣ ನಳಿಗೆ ಒಳಗೆಲ್ಲ ಜಿಡ್ಡು ಕೂತಿದೆ. ಕಾರ್ಖಾನೆಗೆ ಹೋಗಿ ಒಗೆಯೋ ಸೋಡಾ ತರಬೇಕು. ಹೋಗಿ ಬರೋದ್ರೊಳಗೆ ಹನ್ನೆರಡಾಗುತ್ತೆ.”

“ಜಿಡ್ಡಿಗೆ ಸೋಡಾ ಯಾಕ್ರೀ?” ಎಂದಳು ನೀಲಕ್ಕ. ಎಷ್ಟೋ ಹೊತ್ತಿನ ಮೇಲೆ ಅವಳ ದನಿ ಮತ್ತೆ ಅವಳದ್ದಾಗಿತ್ತು. “ಹರಳೆಣ್ಣೆ ಹಚ್ಚಿದ ತಲೇನ ಎಂಥದ್ರಲ್ಲಿ ತೊಳೀತೀವಿ? ಅಂಟುವಾಳ ಕುದಿಸಿ ಬಿಸಿಬಿಸಿ ಹುಯ್ದ್ರೆ ಬಿಟ್ಕೊಳಲ್ವಾ?”

ರುದ್ರಪ್ಪ ಅಂಗೈಯ ಜಿಡ್ಡನ್ನು ಬೆರಳಲ್ಲಿ ಉಜ್ಜಿ ನೋಡಿದ. “ಬಿಟ್ಕೊಳ್ಳುತ್ತೆ” ಎಂದ.

ದಾರಿಯ ಪಕ್ಕದ ಮನೆಯಲ್ಲಿ ಹಂಡೆ ಒಲೆಯ ಮೇಲಿತ್ತು. ಮನೆಯಾಕೆ ಎರಡು ಬೊಗಸೆ ಅಂಟುವಾಳ ಕೊಟ್ಟಳು. ನೀಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಯಿ ಜಜ್ಜಿ, ಕುದಿಸಿ, ಸೋಸಿ, ತಂಬಿಗೆ ತಂಬಿಗೆ ತಂದು ಹುಯ್ದಳು. ಅವನು ಕೆಳಗಿನಿಂದ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದ. ನೊರೆಯೋ ನೊರೆ. ನಾನು ಮರದ ಕೆಳಗೆ ಕೂತು ನೋಡುತ್ತಿದ್ದೆ. ಅತ್ತೆ ಅಳಿಯ ಇಬ್ಬರೂ ಒಂದು ಮಗುವಿಗೆ ಎಣ್ಣೆನೀರು ಹಾಕುತ್ತಿರುವ ಹಾಗೆ ಇತ್ತು. “ಇಲ್ಲಿ ಹಿಡ್ಕೊಳಿ ಅತ್ತೆಯೋರೇ”, “ಬಿಗಿಯಾಗಿ ಹಿಡ್ದಿದೀನಿ, ನೀವು ಊದಿ” ಎನ್ನುವ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಆರನೆಯ ತಂಬಿಗೆಗೆ ನೀರು ತಿಳಿಯಾಗಿ ಇಳಿಯಿತು.

ಕೊಳವೆ ಜೋಡಿಸಿದ ಮೇಲೆ ಇಬ್ಬರೂ ಬಾವಿಕಟ್ಟೆಯಲ್ಲಿ ಕೈ ತೊಳೆದರು. ನೀಲಕ್ಕ ಒಮ್ಮೆ ತೊಳೆದಳು. ಮಿಕ್ಕಿದ್ದ ಅಂಟುವಾಳ ಹಾಕಿ ಮತ್ತೊಮ್ಮೆ ತೊಳೆದಳು. ಕಲ್ಲಿಗೆ ಉಜ್ಜಿದಳು. ಕೊಳವೆ ಹಿಡಿದಿದ್ದ ಕೈ, ಎಂಜಿನ್ನಿನ ಗ್ರೀಸು ಉಗುರಿನ ಸಂದಿಗೆ ಇಳಿದಿತ್ತು. ಬಹಳ ಹೊತ್ತು ಬೆರಳುಗಳನ್ನೇ ನೋಡುತ್ತ ನಿಂತಳು.

“ಇದು ಹೋಗೋದೇ ಇಲ್ವೇನ್ರೀ?” ಎಂದಳು ಮೆಲ್ಲಗೆ.

“ಹೋಗುತ್ತೆ ಅತ್ತೆಯೋರೇ. ಒಂದು ವಾರ ರಜಾ ಸಿಕ್ಕಿದ್ರೆ” ಎಂದ ರುದ್ರಪ್ಪ.

ನೀಲಕ್ಕ ತಲೆ ತಗ್ಗಿಸಿದಳು. “ತಪ್ಪಾಯ್ತಪ್ಪಾ” ಎಂದಳು. ಸೈಕಲ್ಲನ್ನು ಆ ಮನೆಯಲ್ಲಿ ಬಿಟ್ಟು ಅವನೂ ಕಾರು ಹತ್ತಿದ. ಹನ್ನೊಂದೂವರೆಗೆ ಹೊರಟೆವು. ಮಿಕ್ಕ ದಾರಿಯಲ್ಲಿ ನಾನು ಒಂದು ಭಾಷಣ ಸಿದ್ಧ ಮಾಡಿಕೊಂಡೆ. ತಾಯಿ ಮಗಳನ್ನು ಒಂದು ಮಾಡುವ ಭಾಷಣ. ಕ್ಷಮೆ, ಕಾಲ, ರಕ್ತಸಂಬಂಧ ಎಲ್ಲ ಅದರಲ್ಲಿ ಇತ್ತು. ಒಂದೆರಡು ಸಂಸ್ಕೃತದ ಮಾತೂ ಇತ್ತು. ಕೋರ್ಟಿನಲ್ಲಿ ಅಂಥದ್ದನ್ನು ಆಡಿದ್ದರೆ ನಾನು ಈ ಹೊತ್ತಿಗೆ ಎಲ್ಲಿರುತ್ತಿದ್ದೆನೋ.

ಓಲ್ಡ್ ಟೌನಿನ ಆ ಸಣ್ಣ ಮನೆಯ ಮುಂದೆ ಕಾರು ನಿಂತಾಗ ಹನ್ನೆರಡಾಗಲು ಐದು ನಿಮಿಷ. ಮಗುವನ್ನು ಎತ್ತಿಕೊಂಡು ಗೌರಿ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ನೆರೆಹೊರೆಯ ಹೆಂಗಸರು. ನಾನು ಗಂಟಲು ಸರಿಮಾಡಿಕೊಂಡು ಇಳಿಯುವಷ್ಟರಲ್ಲಿ ರುದ್ರಪ್ಪ ಮೊದಲು ಇಳಿದ. ಜರಿಪಂಚೆ ಎನ್ನುವುದು ಗುರುತು ಸಿಗದ ಹಾಗಾಗಿತ್ತು. ಗೌರಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಸಿಡಿದಳು:

“ಇದೇನ್ರೀ ಅವತಾರ? ಮಗನ ಶಾಸ್ತ್ರದ ದಿನಾನೂ ಒಂದು ಗಳಿಗೆ ಆ ಮಸಿ ಮುಟ್ಟದೇ ಇರೋಕೆ ಆಗಲಿಲ್ವಾ ನಿಮಗೆ? ಬಂದೋರು ಏನಂತಾರೆ?”

ಕಾರಿನೊಳಗಿನಿಂದ ನೀಲಕ್ಕನ ದನಿ ಬೀದಿಗೆಲ್ಲ ಕೇಳುವ ಹಾಗೆ ಬಂತು: “ಏನೇ ಅದು, ಬಾಗಿಲಲ್ಲಿ ನಿಂತು ಗಂಡನ್ನ ಬೈಯೋದು? ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದು ಬಂದಿದ್ದಾರೆ. ಮೊದಲು ನೀರು ಕೊಡೇ!”

“ನೀನು ಸುಮ್ನಿರಮ್ಮ, ನಿನಗೆ ಗೊತ್ತಾಗಲ್ಲ. ಆ ಪಂಚೆ ಒಗೆಯೋಳು ನಾನು!” ಎಂದಳು ಗೌರಿ, ಒಂದು ದಿನವೂ ಮಾತು ಬಿಟ್ಟಿರದವಳ ಹಾಗೆ.

“ತಾರೆ ಇತ್ತ, ನಾನೇ ಒಗೀತೀನಿ!”

ಅಷ್ಟು ಹೇಳಿ ಇಬ್ಬರೂ ನಿಂತರು. ಏನಾಯಿತೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನೀಲಕ್ಕ ಕಾರಿನಿಂದ ಹೇಗೆ ಇಳಿದಳೋ, ಹೊಸ್ತಿಲು ಹೇಗೆ ದಾಟಿದಳೋ ನಾನು ಕಾಣೆ. ನೋಡಿದಾಗ ಮಗು ಅವಳ ತೋಳಿನಲ್ಲಿತ್ತು, ಇಬ್ಬರೂ ಅಳುತ್ತಿದ್ದರು, ಮಗುವೂ ಅವರ ಜೊತೆ ಸೇರಿತ್ತು. ರುದ್ರಪ್ಪ ಹಿಂದೆ ಹೋಗಿ ತೊಟ್ಟಿಲಿನ ಹಗ್ಗ ಬಿಚ್ಚತೊಡಗಿದ. ನನ್ನ ಭಾಷಣವನ್ನು ಯಾರೂ ಕೇಳಲಿಲ್ಲ.

ನೀಲಕ್ಕ ನನ್ನ ಜೊತೆ ಹಿಂದಿರುಗಲಿಲ್ಲ. “ಬಾಣಂತಿ ಕೈಲಿ ಏನು ಕೆಲಸ ಆಗುತ್ತೆ, ನಾನು ಆಮೇಲೆ ಬರ್ತೀನಿ, ನೀನು ಹೋಗು” ಎಂದಳು. ಐದು ತಿಂಗಳು ಕಳೆದ ಮೇಲೆ ಬಂದಳು, ಅದೂ ರೈಲಿನಲ್ಲಿ, ಮಗಳು ಅಳಿಯ ಮೊಮ್ಮಗನ ಸಮೇತ, ಸ್ಟೇಷನ್ನಿನಲ್ಲಿ ಸಿಕ್ಕವರಿಗೆಲ್ಲ ಮಗುವನ್ನು ತೋರಿಸುತ್ತ. ತೊಟ್ಟಿಲ ಶಾಸ್ತ್ರದ ಆ ಸಂಜೆ ಹೆಂಡತಿ ಮಕ್ಕಳು ಮತ್ತೆ ರೈಲನ್ನೇ ಹತ್ತಿದರು, ನಾನೊಬ್ಬನೇ ಕಾರು ಹತ್ತಿದೆ. ಭದ್ರಾವತಿಯಿಂದ ನಮ್ಮ ಮನೆ ಬಾಗಿಲಿನವರೆಗೆ ಅದು ಒಂದು ಸಲವೂ ಕೆಮ್ಮಲಿಲ್ಲ, ಒಂದು ಸಲವೂ ಕುದಿಯಲಿಲ್ಲ, ಗಾಳಿ ಬಿಡಲಿಲ್ಲ. ಅದಕ್ಕೆ ಮುಂಚೆಯೂ ಆಮೇಲೂ ಹಾಗೆ ಓಡಿದ್ದೇ ಇಲ್ಲ. ನನಗೇನೂ ಅಂಥ ಸಂತೋಷವಾಗಲಿಲ್ಲ ಎನ್ನಿ. ನಿಲ್ಲಬೇಕಾದ ಕಡೆ ಅದು ಬೆಳಿಗ್ಗೆಯೇ ನಿಂತಾಗಿತ್ತು.